ಪಿಕಪ್ಪಿನ ಬೆನ್ನಿಗೆ ಯಾವ ಪೆಟ್ಟಿಗೆ?

ಜೂನ್ ತಿಂಗಳ ಮೊದಲ ವಾರದಲ್ಲಿ ಕಾಸರಗೋಡಿನ ಮನೆಗಳಲ್ಲಿ ಎರಡು ಆರಂಭಗಳು ಒಟ್ಟಿಗೇ ಬರುತ್ತವೆ. ಒಂದು, ಮಕ್ಕಳ ಶಾಲೆಯದು: ಹೊಸ ಕೊಡೆ, ನೀರು ತಾಗದ ಚೀಲ, ಹೊದಿಕೆ ಹಾಕಿದ ಪಠ್ಯಪುಸ್ತಕ. ಇನ್ನೊಂದು, ಮಳೆಗಾಲದ ದುಡಿಮೆಯದು: ಅಡಿಕೆಗೆ ಮದ್ದು ಬಿಡುವವರು, ಪಂಪು ದುರಸ್ತಿಗಾರರು, ವಯರಿಂಗ್ ಕೆಲಸದವರು ಬೆಳಗ್ಗೆ ಆರಕ್ಕೇ ಪಿಕಪ್ ಏರಿ ಹೊರಡುತ್ತಾರೆ. ಪುಸ್ತಕದ ಚೀಲದೊಳಗೆ ಒಂದು ಹನಿ ನೀರೂ ಇಳಿಯಬಾರದೆಂಬ ಎಚ್ಚರ ಎಲ್ಲ ಹೆತ್ತವರಲ್ಲೂ ಇದೆ. ಆದರೆ ಆ ಚೀಲವನ್ನು ಕೊಡಿಸಿದ ದುಡಿಮೆಯ ಸಲಕರಣೆಗಳು ಅನೇಕ ವಾಹನಗಳಲ್ಲಿ ಇಂದಿಗೂ ಗೋಣಿಚೀಲದೊಳಗೆ, ಹರಕು ಟಾರ್ಪಾಲಿನ ಅಡಿಯಲ್ಲಿ ಮಲಗಿರುತ್ತವೆ.

2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಸಣ್ಣ ಸರಕು ವಾಹನವೆಂಬುದು ವ್ಯಾಪಾರಿಯ ಸೊತ್ತಾಗಿ ಮಾತ್ರ ಉಳಿಯದೆ ಕುಶಲಕರ್ಮಿಯ ಕೈಗೂ ಎಟುಕಿತು. ಬೊಲೆರೊ ಪಿಕಪ್, ದೋಸ್ತ್ ಮೊದಲಾದವು ಇಂದು ಮಂಜೇಶ್ವರದಿಂದ ಮುಳ್ಳೇರಿಯದ ತನಕ ಓಡುತ್ತಿವೆ. ಹತ್ತನೆಯ ತರಗತಿ ಮುಗಿಸಿ ಐ.ಟಿ.ಐ. ಸೇರಿದ ಹುಡುಗನೊಬ್ಬ ಸ್ವಂತ ಕೆಲಸ ಹಿಡಿಯುವಾಗ ವಾಹನದ ಸಾಲ ಬ್ಯಾಂಕಿನದು. ಅದರ ಬೆನ್ನಿನ ಮೇಲಿರುವ ಸಲಕರಣೆಗಳು ಮಾತ್ರ ನಿಜವಾಗಿ ಅವನವು. ಡ್ರಿಲ್ ಯಂತ್ರ, ಪೈಪ್ ರೆಂಚು, ಮೀಟರು, ಸ್ಪ್ಯಾನರಿನ ಜೋಡಿ ಇವೆಲ್ಲ ಒಂದೊಂದಾಗಿ, ಒಂದೊಂದು ಕೆಲಸದ ಸಂಬಳದಲ್ಲಿ ಕೂಡಿಬಂದವು. ಮಹಾನವಮಿಯ ದಿನ ಅವುಗಳಿಗೆ ಕುಂಕುಮವಿಟ್ಟು ಪೂಜಿಸುವುದು ವಾಡಿಕೆ. ಉಳಿದ 364 ದಿನ ಅವನ್ನು ಕಾಯುವ ಹೊಣೆ ಪೆಟ್ಟಿಗೆಯದು. ಆ ಪೆಟ್ಟಿಗೆಯನ್ನು ಆರಿಸುವ ವಿಚಾರ, ಅಂಗಡಿಯಲ್ಲಿ ಹೊಳಪು ನೋಡಿ ಬೆಲೆ ಚೌಕಾಶಿ ಮಾಡುವುದಕ್ಕಿಂತ ಹೆಚ್ಚಿನ ಯೋಚನೆಯನ್ನು ಬೇಡುತ್ತದೆ.

ತೆರೆದ ಹಿಂಬದಿಯ ಅಪಾಯ

ಪೆಟ್ಟಿಗೆ ಬೇಕೇ ಬೇಕೆಂಬುದಕ್ಕೆ ಮೊದಲ ಕಾರಣ ಕಳ್ಳನೂ ಅಲ್ಲ, ಮಳೆಯೂ ಅಲ್ಲ, ವೇಗ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನದಲ್ಲಿರುವ ಪ್ರತಿಯೊಂದು ವಸ್ತುವಿಗೂ ಅದೇ ವೇಗವಿರುತ್ತದೆ. ಆ ವೇಗದ ಹೊಡೆತ ಎಷ್ಟೆಂದು ಲೆಕ್ಕ ಹಾಕಿದರೆ, ಸುಮಾರು 14 ಮೀಟರ್ ಎತ್ತರದಿಂದ ಬಿದ್ದ ವಸ್ತುವಿನ ಹೊಡೆತಕ್ಕೆ ಸಮವಾಗುತ್ತದೆ. 14 ಮೀಟರೆಂದರೆ ಚೆನ್ನಾಗಿ ಬೆಳೆದ ಅಡಿಕೆ ಮರದ ತುದಿ. ಮರದ ತುದಿಯಿಂದ ಎರಡು ಕಿಲೋ ತೂಕದ ಪೈಪ್ ರೆಂಚು ಕೆಳಗೆ ನಿಂತವನ ಮೇಲೆ ಬಿದ್ದರೆ ಏನಾದೀತೆಂದು ತೋಟದಲ್ಲಿ ಬೆಳೆದ ಮಗುವಿಗೂ ಗೊತ್ತು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪಿಕಪ್ ಹಠಾತ್ತನೆ ನಿಂತಾಗ, ಬಿಡಿಯಾಗಿ ಬಿದ್ದಿರುವ ಅದೇ ರೆಂಚು ಚಾಲಕನ ಬೆನ್ನ ಹಿಂದಿನ ಗಾಜಿನತ್ತ ಹಾರುತ್ತದೆ. ವಾಹನ ಹೊಂಡಕ್ಕೆ ಹಾರಿ ಕುಲುಕಿದಾಗ ಹಿಂದೆ ಬರುವ ಸ್ಕೂಟರಿನ ಮುಂದೆ ಬೀಳುತ್ತದೆ. ಆದುದರಿಂದ ಪೆಟ್ಟಿಗೆಯ ಮೊದಲ ಗುಣ ವಾಹನಕ್ಕೆ ಬಿಗಿಯಾಗಿ ಕಚ್ಚಿಕೊಂಡಿರುವುದು. ಉಳಿದ ಗುಣಗಳೆಲ್ಲ ಆ ಮೇಲಿನವು.

ಶತ್ರು ಯಾರೆಂದು ಮೊದಲು ತಿಳಿಯಬೇಕು

ಎಲ್ಲ ಊರಿಗೂ ಒಪ್ಪುವ ಪೆಟ್ಟಿಗೆಯೆಂಬುದಿಲ್ಲ. ಸೊಲ್ಲಾಪುರ, ಜತ್ತ ಕಡೆಯ ಕನ್ನಡ ಮನೆಗಳಲ್ಲಿ ವರ್ಷದ ಮಳೆ ಸುಮಾರು 500ರಿಂದ 600 ಮಿಲಿಮೀಟರ್. ಅಲ್ಲಿ ಸಲಕರಣೆಯ ಶತ್ರು ನುಣ್ಣನೆಯ ಧೂಳು ಮತ್ತು ಉರಿಬಿಸಿಲು. ಬಣ್ಣ ಬಳಿದ ಸಾದಾ ಕಬ್ಬಿಣದ ಪೆಟ್ಟಿಗೆ ಆ ನಾಡಿನಲ್ಲಿ ಅನೇಕ ವರ್ಷ ಬಾಳುತ್ತದೆ. ಕಾಸರಗೋಡಿನಲ್ಲಿ ಮಳೆ ಸುಮಾರು 3500 ಮಿಲಿಮೀಟರ್, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಗಾಳಿಯ ಆರ್ದ್ರತೆ ಶೇಕಡಾ 60ನ್ನು ದಾಟಿತೆಂದರೆ ಕಬ್ಬಿಣ ಹನಿ ನೀರು ತಾಗದೆಯೂ ತುಕ್ಕು ಹಿಡಿಯತೊಡಗುತ್ತದೆ. ಆಟಿ ತಿಂಗಳಲ್ಲಿ ನಮ್ಮ ಗಾಳಿ ಆ ಗೆರೆಯ ಕೆಳಗೆ ಇಳಿಯುವುದೇ ಅಪರೂಪ.

ಜಿಲ್ಲೆಯೊಳಗೂ ಶತ್ರು ಒಂದೇ ಅಲ್ಲ. ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಗಾಳಿಯೊಡನೆ ಉಪ್ಪು ಬರುತ್ತದೆ. ಉಪ್ಪು ತಾನೇ ತೇವವನ್ನು ಹೀರಿ ಲೋಹದ ಮೈಮೇಲೆ ಸದಾ ಒದ್ದೆಯ ಪೊರೆಯೊಂದನ್ನು ಉಳಿಸುತ್ತದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಒಳನಾಡಿನಲ್ಲಿ ಉಪ್ಪಿನ ಕಾಟ ಕಡಿಮೆ. ಆದರೆ ಅಲ್ಲಿ ಅಡಿಕೆಯ ಕೊಳೆರೋಗವಿದೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣವಿದೆ, ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇದೆ. ಈ ಮೂರನೆಯ ಶತ್ರುವನ್ನು ಮರೆತು ಕೊಂಡ ಪೆಟ್ಟಿಗೆ ಎಷ್ಟೇ ದಪ್ಪನಾಗಿರಲಿ, ಬೇಗನೆ ತೂತಾಗುತ್ತದೆ.

ಹತ್ತನೆಯ ತರಗತಿಯ ಮೊಳೆ

ಮೈಲುತುತ್ತಿನ ಗುಣವನ್ನು ತಿಳಿಯಲು ಹೆತ್ತವರು ಹೊರಗೆಲ್ಲೂ ಕೇಳಬೇಕಾಗಿಲ್ಲ; ಮನೆಯಲ್ಲಿ ಪ್ರೌಢಶಾಲೆಯ ಮಗುವಿದ್ದರೆ ಸಾಕು. ತಾಮ್ರದ ಸಲ್ಫೇಟಿನ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನು ಇಳಿಬಿಡುವ ಪ್ರಯೋಗವನ್ನು ರಸಾಯನಶಾಸ್ತ್ರದ ಪಾಠದಲ್ಲಿ ಅದು ಕಂಡಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮೊಳೆಯ ಮೇಲೆ ಕೆಂಗಂದು ಬಣ್ಣದ ತಾಮ್ರ ಕೂರುತ್ತದೆ, ದ್ರಾವಣದ ನೀಲಿ ಮಾಸುತ್ತದೆ, ಮೊಳೆಯ ಕಬ್ಬಿಣ ಕರಗುತ್ತದೆ. ಬೋರ್ಡೋ ಸರಿಯಾಗಿ ಪಾಕವಾಯಿತೇ ಎಂದು ನೋಡಲು ಹಿರಿಯ ಕೃಷಿಕರು ಹೊಳೆಯುವ ಚೂರಿಯನ್ನು ಅದ್ದಿ ನೋಡುವುದೂ ಇದೇ ತತ್ತ್ವದಿಂದ. ಚೂರಿಯ ಮೇಲೆ ತಾಮ್ರ ಕೂತರೆ ಇನ್ನಷ್ಟು ಸುಣ್ಣ ಬೇಕು ಎಂದರ್ಥ.

ಅದೇ ಪಾಠದ ಕ್ರಿಯಾಶೀಲತೆಯ ಶ್ರೇಣಿಯಲ್ಲಿ ಅಲ್ಯುಮಿನಿಯಂ, ಸತು, ಕಬ್ಬಿಣ ಮೂರೂ ತಾಮ್ರಕ್ಕಿಂತ ಮೇಲೆ ಕುಳಿತಿವೆ. ಅಂದರೆ ಮೈಲುತುತ್ತು ಚೆಲ್ಲಿದಲ್ಲಿ ಈ ಮೂರಕ್ಕೂ ಉಳಿಗಾಲವಿಲ್ಲ. ಹೋಗಲಿ, ಜೊತೆಗಿರುವ ಸುಣ್ಣವಾದರೂ ಕಾಪಾಡೀತೇ ಎಂದರೆ ಅದೂ ಇಲ್ಲ. ಸುಣ್ಣದ ಕ್ಷಾರವು ಅಲ್ಯುಮಿನಿಯಂ ಮತ್ತು ಸತುವನ್ನು ಬೇರೆ ದಾರಿಯಿಂದ ತಿನ್ನುತ್ತದೆ. ಮದ್ದು ಬಿಡುವ ತಂಡದ ಗನ್ನು, ಪೈಪು, ನಳಿಗೆಗಳಿಗೆ ಲೋಹದ ಪೆಟ್ಟಿಗೆ ಹೇಳಿಸಿದ್ದಲ್ಲ ಎಂಬ ತೀರ್ಮಾನ ಹೀಗೆ ಪಠ್ಯಪುಸ್ತಕದಿಂದಲೇ ದೊರೆಯುತ್ತದೆ. ಕನ್ನಡದಲ್ಲಿ ಓದಿದ ಪಾಠ ಪರೀಕ್ಷೆಯ ಅಂಕಕ್ಕೆ ಮಾತ್ರವೆಂದು ಭಾವಿಸುವವರು ಈ ಒಂದು ಮೊಳೆಯನ್ನು ನೆನಪಿಡಬಹುದು.

ಯಾರಿಗೆ ಯಾವುದು

ಮದ್ದಿನ ಕೆಲಸಕ್ಕೆ ಒಪ್ಪುವುದು ದಪ್ಪ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಅದರಲ್ಲೂ ಪಾಲಿಎಥಿಲೀನಿನದು. ಇದಕ್ಕೆ ತುಕ್ಕಿಲ್ಲ, ಸುಣ್ಣದ ಭಯವಿಲ್ಲ. ಇದರ ಶತ್ರು ಬಿಸಿಲು. ಬಿಸಿಲಿನ ನೇರಳಾತೀತ ಕಿರಣಗಳು ಸಾದಾ ಪ್ಲಾಸ್ಟಿಕ್ಕನ್ನು ಕೆಲವು ಬೇಸಗೆಗಳಲ್ಲಿ ಪುಡಿಪುಡಿ ಮಾಡುತ್ತವೆ. ಮಾಡಿನ ಮೇಲಿನ ನೀರಿನ ಟಾಂಕಿಯೂ ತೋಟದ ಪೈಪೂ ಕಪ್ಪಾಗಿರುವುದು ಅಂದಕ್ಕಲ್ಲ. ಅವುಗಳಲ್ಲಿ ಬೆರೆಸಿದ ಇಂಗಾಲದ ಪುಡಿ ಕಿರಣಗಳನ್ನು ಹೀರಿ ಒಡಲನ್ನು ಕಾಯುತ್ತದೆ. ಪೆಟ್ಟಿಗೆಯೂ ಕಪ್ಪಗಿರುವುದೇ ಲೇಸು. ಪ್ಲಾಸ್ಟಿಕ್ಕಿನ ಇನ್ನೊಂದು ಕುಂದೆಂದರೆ, ಕಳ್ಳನ ಸನ್ನೆಕೋಲಿಗೆ ಅದು ಹೆಚ್ಚು ಹೊತ್ತು ತಡೆಯೊಡ್ಡದು. ಬೆಲೆಬಾಳುವ ಯಂತ್ರವನ್ನು ರಾತ್ರಿ ಮನೆಯೊಳಗೆ ತರುವ ಅಭ್ಯಾಸ ಇದರ ಜೊತೆಗಿರಬೇಕು.

ಕಡಲ ಬದಿಯ ಪ್ಲಂಬರ್, ವಯರ್‌ಮ್ಯಾನ್, ಶೀತಕ ಯಂತ್ರದ ದುರಸ್ತಿಗಾರರಿಗೆ ಅಲ್ಯುಮಿನಿಯಂ ಹೊಂದುತ್ತದೆ. ಗಾಳಿ ತಾಗಿದೊಡನೆ ಅದರ ಮೇಲೆ ಆಕ್ಸೈಡಿನ ತೆಳುಪೊರೆಯೊಂದು ಕಟ್ಟಿ ಒಳಗನ್ನು ಕಾಯುತ್ತದೆ. ಉಪ್ಪುಗಾಳಿಗೆ ಮೆಗ್ನೀಸಿಯಂ ಬೆರೆತ 5052ನೆಯ ಸಂಖ್ಯೆಯ ಮಿಶ್ರಲೋಹ ವಾಸಿ. ಇದರ ದೊಡ್ಡ ಲಾಭ ಹಗುರತನ. 120 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ಪೆಟ್ಟಿಗೆಯನ್ನು 1.6 ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನಲ್ಲಿ ಕಟ್ಟಿದರೆ ತಗಡಿನ ತೂಕವೇ ಸುಮಾರು 32 ಕಿಲೋ. ಬಾಗದಂತೆ ಅಷ್ಟೇ ಗಟ್ಟಿಯಾಗಿರಲು ಅಲ್ಯುಮಿನಿಯಮ್ಮಿನ ದಪ್ಪ 2.5 ಮಿಲಿಮೀಟರ್‌ನಷ್ಟು ಬೇಕು. ಆದರೂ ತೂಕ ಸುಮಾರು 17 ಕಿಲೋ ಮಾತ್ರ. ಸುಮಾರು 750 ಕಿಲೋ ಹೊರುವ ಸಣ್ಣ ವಾಹನಕ್ಕೆ, ದಿನವೂ ಹೊತ್ತು ಸಾಗುವ ಆ 15 ಕಿಲೋ ವ್ಯತ್ಯಾಸ ಸಣ್ಣದಲ್ಲ.

ಕೊಳವೆಬಾವಿಯ ಪಂಪು ಎತ್ತುವವರು, ವೆಲ್ಡಿಂಗ್ ಕೆಲಸದವರು, ಸರಪಳಿ ಸುತ್ತಿಗೆಗಳ ಭಾರ ಹೊರಿಸುವವರು ಉಕ್ಕನ್ನೇ ನಂಬಬೇಕು. ಆದರೆ ಎಂತಹ ಉಕ್ಕು? ಸಾದಾ ತಗಡಿಗೆ ಬಣ್ಣ ಬಳಿದದ್ದು, ಪೌಡರ್ ಕೋಟಿಂಗ್ ಮಾಡಿದ್ದು ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಗೀರು ಬಿದ್ದರೆ ಸಾಕು, ತುಕ್ಕು ಬಣ್ಣದ ಅಡಿಯಲ್ಲೇ ಹರಿದು ಹಪ್ಪಳದಂತೆ ಮೇಲೆದ್ದು ಬರುತ್ತದೆ. ಸತು ಲೇಪಿಸಿದ ತಗಡು ಹಾಗಲ್ಲ. ಗೀರು ಬಿದ್ದಲ್ಲಿ ಸತುವು ಕಬ್ಬಿಣಕ್ಕಿಂತ ಮೊದಲು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಇದೂ ಅದೇ ಶ್ರೇಣಿಯ ಪಾಠ. ಲೇಪದ ದಪ್ಪವನ್ನು ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಸತು ಎಂದು ಅಳೆಯುತ್ತಾರೆ. ಎರಡು ಬದಿ ಸೇರಿ 120 ಗ್ರಾಂ ಇರುವ ತಗಡೂ 275 ಗ್ರಾಂ ಇರುವ ತಗಡೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ, ಆಯುಷ್ಯ ಮಾತ್ರ ಬೇರೆ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಯಿದು.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವುದಾದರೆ ಒಂದು ಎಚ್ಚರ ಅಗತ್ಯ. ಬೆಸೆಯುವ ಬಿಸಿಗೆ ಸತುವು ಹೊಗೆಯಾಗಿ ಹಾರಿಹೋಗುತ್ತದೆ. ಆ ಹೊಗೆ ಬೆಸೆಯುವವನ ಎದೆಗೂ ಕೆಟ್ಟದ್ದು. ಹೊಲಿಗೆಯ ಜಾಗ ಬರಿ ಕಬ್ಬಿಣವಾಗಿ ಉಳಿದು ಅಲ್ಲಿಂದಲೇ ತುಕ್ಕು ಆರಂಭವಾಗುತ್ತದೆ. ಆದುದರಿಂದ ಹೊಲಿಗೆಗಳನ್ನು ಉಜ್ಜಿ, ಒಳಗೂ ಹೊರಗೂ ಸತುವಿನ ಅಂಶ ಹೆಚ್ಚಿರುವ ಪ್ರೈಮರ್ ಬಳಿಯಲು ಮೊದಲೇ ಮಾತಾಡಿಕೊಳ್ಳಬೇಕು. ಒಳಬದಿ ಯಾರಿಗೆ ಕಾಣುತ್ತದೆ ಎಂಬ ಉದಾಸೀನವೇ ಪೆಟ್ಟಿಗೆಯ ಆಯುಷ್ಯವನ್ನು ನುಂಗುವುದು.

ಸ್ಟೇನ್‌ಲೆಸ್ ಉಕ್ಕಿನದಾದರೆ ಚಿಂತೆಯಿಲ್ಲವೇ? 304ನೆಯದಾದರೆ ಬಹುಮಟ್ಟಿಗೆ ಹೌದು. ಅದರಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕಲ್ ಇರುತ್ತದೆ. ನಿಕಲ್ ಕಡಿಮೆಯಿರುವ 202ನೆಯದು ಅಗ್ಗ, ಹೊಳಪಿನಲ್ಲಿ ಸಮಾನ, ಕಡಲ ಗಾಳಿಯಲ್ಲಿ ಮಾತ್ರ ಕಂದು ಚುಕ್ಕೆಗಳು ಬೇಗ ಏಳುತ್ತವೆ. ಅಯಸ್ಕಾಂತ ಹಿಡಿದು ಇವೆರಡನ್ನು ಬೇರ್ಪಡಿಸಲಾಗದು. ರಶೀದಿಯಲ್ಲಿ ಸಂಖ್ಯೆಯನ್ನು ಬರೆಸಿಕೊಳ್ಳುವುದೇ ದಾರಿ.

ಮುಚ್ಚಳದಲ್ಲಿದೆ ಮರ್ಮ

ಯಾವ ವಸ್ತುವಿನದೇ ಆಗಲಿ, ಪೆಟ್ಟಿಗೆ ಸೋರುವುದು ಮುಚ್ಚಳದ ಅಂಚಿನಲ್ಲಿ. ಮನೆಯ ಹಂಚು ಗೋಡೆಯಾಚೆಗೆ ಚಾಚಿರುವಂತೆ ಮುಚ್ಚಳದ ಅಂಚು ಪೆಟ್ಟಿಗೆಯ ಹೊರಗೆ ಇಳಿದಿರಬೇಕು. ಒಳಗೆ ಎತ್ತರಿಸಿದ ದಂಡೆಯ ಮೇಲೆ ರಬ್ಬರಿನ ಪಟ್ಟಿ ಸುತ್ತಲೂ ಒತ್ತಿರಬೇಕು. ಬಿಸಿಲು ಮಳೆಗೆ ಇ.ಪಿ.ಡಿ.ಎಂ. ಎಂಬ ರಬ್ಬರು ಚೆನ್ನಾಗಿ ತಡೆಯುತ್ತದೆ. ಆದರೆ ಡೀಸೆಲು, ಗ್ರೀಸು ತಾಗಿದರೆ ಉಬ್ಬಿ ಕೆಡುತ್ತದೆ. ಸ್ಪಂಜಿನಂತಹ ಅಗ್ಗದ ಪಟ್ಟಿಯಾದರೆ ಒಂದು ಮಳೆಗಾಲದ ಅನಂತರ ನೀರನ್ನು ತಡೆಯುವ ಬದಲು ಹೀರಿ ಇಟ್ಟುಕೊಳ್ಳುತ್ತದೆ. ಬಿಜಾಗರಿ ಎರಡು ತುಂಡುಗಳಾಗಿರುವುದಕ್ಕಿಂತ ಮುಚ್ಚಳದ ಉದ್ದಕ್ಕೂ ಒಂದೇ ಆಗಿರುವುದು ಮೇಲು. ಹೊರಗೆ ನೇತಾಡುವ ಬೀಗಕ್ಕಿಂತ ಮೈಯೊಳಗೆ ಹುದುಗಿದ ಬೀಗವನ್ನು ಕತ್ತರಿಸುವುದು ಕಷ್ಟ.

ಕೆಲವು ಪೆಟ್ಟಿಗೆಗಳ ಮೇಲೆ ಐ.ಪಿ. 54, ಐ.ಪಿ. 65 ಎಂಬ ಗುರುತುಗಳಿರುತ್ತವೆ. ಮೊದಲ ಅಂಕಿ ಧೂಳಿನದು, ಗರಿಷ್ಠ 6. ಎರಡನೆಯದು ನೀರಿನದು: 4 ಎಂದರೆ ಎಲ್ಲ ಕಡೆಯಿಂದ ಸಿಡಿವ ನೀರು, 5 ಎಂದರೆ ಕೊಳವೆಯಿಂದ ಚಿಮ್ಮುವ ನೀರು. ಓಡುವ ವಾಹನಕ್ಕೆ ಹೊಡೆವ ನಮ್ಮ ಮಳೆಗೆ 65 ಇದ್ದರೆ ನೆಮ್ಮದಿ.

ಗುರುತು ಇಲ್ಲದಿದ್ದರೂ ಪರೀಕ್ಷಿಸಲು ದಾರಿಗಳಿವೆ. ದಂಡೆಗೆ ಸೀಮೆಸುಣ್ಣ ಹಚ್ಚಿ ಮುಚ್ಚಳ ಹಾಕಿ ತೆಗೆದರೆ ರಬ್ಬರಿನ ಮೇಲೆ ಬಿಳಿಯ ಗೆರೆ ಮೂಡುತ್ತದೆ. ಗೆರೆ ತುಂಡಾದಲ್ಲಿ ನೀರು ಒಳಗೆ ಬರುತ್ತದೆ. ಪೆಟ್ಟಿಗೆಯ ಒಂದು ಮೂಲೆಯನ್ನಷ್ಟೇ ಎತ್ತಿ ಮುಚ್ಚಳ ತೆರೆದು ಮುಚ್ಚಬೇಕು. ಸಿಕ್ಕಿಕೊಂಡರೆ ಒಡಲು ತಿರುಚಿಕೊಳ್ಳುವಷ್ಟು ಮೆತು, ಹೊಂಡದ ರಸ್ತೆಯಲ್ಲಿ ಅದು ಬಾಳದು. ಕೊನೆಗೆ ಒಳಗೆ ಹಳೆಯ ಪತ್ರಿಕೆಯೊಂದನ್ನು ಹಾಸಿ, ಮುಚ್ಚಿ, ಮೇಲಿನಿಂದ ನಾಲ್ಕು ಕೊಡ ನೀರು ಸುರಿದು, ಪತ್ರಿಕೆ ಒಣಗಿಯೇ ಇದೆಯೇ ಎಂದು ನೋಡಬೇಕು.

ಆದರೆ ನೀರು ಒಳಬರದ ಪೆಟ್ಟಿಗೆಯಿಂದ ನೀರು ಹೊರಹೋಗುವುದೂ ಇಲ್ಲ. ಸಂಜೆ ಒದ್ದೆ ಸಲಕರಣೆಗಳನ್ನು ಹಾಗೆಯೇ ತುಂಬಿ ಬೀಗ ಹಾಕಿದರೆ ಒಳಗಿನ ಗಾಳಿ ಹಬೆಯಂತಾಗಿ, ಹೊರಗಿಟ್ಟದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ತಳದ ಮೂಲೆಯಲ್ಲಿ ಬಿರಡೆಯಿರುವ ಒಂದು ರಂಧ್ರ, ತಳಕ್ಕೆ ತೂತುಗಳಿರುವ ರಬ್ಬರ್ ಹಾಸು, ಒರೆಸಲು ಒಂದು ಒಣಬಟ್ಟೆ, ತೆಳ್ಳಗೆ ಎಣ್ಣೆಯ ಕೈ ಇವಿಷ್ಟಿಲ್ಲದೆ ಅತ್ಯಂತ ದುಬಾರಿಯ ಪೆಟ್ಟಿಗೆಯೂ ವ್ಯರ್ಥ.

ಕೂರಿಸುವ ಕ್ರಮ

ಪೆಟ್ಟಿಗೆಯ ಜಾಗ ಚಾಲಕನ ಕೋಣೆಯ ಹಿಂಗೋಡೆಗೆ ಒತ್ತಿ, ತಳಮಟ್ಟದಲ್ಲಿ. ಭಾರದ ವಸ್ತುಗಳು ಅದರೊಳಗೂ ಕೆಳಗೇ ಇರಬೇಕು. ಕಡಿಮೆಯೆಂದರೆ ನಾಲ್ಕು 10 ಮಿಲಿಮೀಟರ್ ಬೋಲ್ಟುಗಳು, ಹಿಂಬದಿಯ ತಗಡಿನ ಅಡಿಯಲ್ಲಿ ಅಗಲವಾದ ಉಕ್ಕಿನ ಬಿಲ್ಲೆಗಳು, ಕುಲುಕಾಟಕ್ಕೆ ಸಡಿಲವಾಗದ ನೈಲಾನ್ ಬಳೆಯ ನಟ್ಟುಗಳು ಬೇಕು. ನಟ್ಟುಗಳು ಬೀಗದ ಒಳಗಡೆ ಬರುವಂತಿದ್ದರೆ ಪೆಟ್ಟಿಗೆಯನ್ನೇ ಕಳಚಿ ಒಯ್ಯುವುದು ಸುಲಭವಲ್ಲ. ವಾಹನದ ಚಾಸಿಸ್‌ಗೆ ಯಾವ ಕಾರಣಕ್ಕೂ ರಂಧ್ರ ಕೊರೆಯಬಾರದು. ತಗಡಿಗೆ ಕೊರೆಯುವ ಮೊದಲು ಅಡಿಯಲ್ಲಿ ವಯರು, ಇಂಧನದ ನಾಳ ಇವೆಯೇ ಎಂದು ಬಗ್ಗಿ ನೋಡಬೇಕು. ಕೊರೆದ ಅಂಚಿಗೆ ಬಣ್ಣ ಹಚ್ಚಬೇಕು. ಅಲ್ಯುಮಿನಿಯಂ ಪೆಟ್ಟಿಗೆಯನ್ನು ಉಕ್ಕಿನ ತಳದ ಮೇಲೆ ನೇರವಾಗಿ ಇಡದೆ ನಡುವೆ ರಬ್ಬರ್ ಹಾಸಬೇಕು. ಎರಡು ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅದೊಂದು ವಿದ್ಯುತ್ಕೋಶವಾಗಿ ಅಲ್ಯುಮಿನಿಯಂ ಸವೆಯುತ್ತದೆ.

ಪೆಟ್ಟಿಗೆಯಾಗಲಿ ಅದರ ಮೇಲೆ ಕಟ್ಟಿದ ಪೈಪುಗಳಾಗಲಿ ವಾಹನದ ಮೈಯಾಚೆಗೆ ಚಾಚಬಾರದು. ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯಲ್ಲಿ ಮಿತಿಮೀರಿ ಚಾಚಿದ ಸರಕಿಗೆ 20,000 ರೂಪಾಯಿ ದಂಡವಿದೆ.

ಮಕ್ಕಳಿರುವ ಮನೆಗಳಿಗೆ ಇನ್ನೆರಡು ಮಾತು. ಹಿಂಬದಿಯ ಪೆಟ್ಟಿಗೆ ಆಸನವಲ್ಲ. ಪೇಟೆಗೆ, ಜಾತ್ರೆಗೆ ಹೋಗುವಾಗ ಮಕ್ಕಳನ್ನು ಅದರ ಮೇಲೆ ಕೂರಿಸುವ ರೂಢಿ ಕೈಬಿಡಬೇಕಾದದ್ದು. ರೆಂಚಿಗೆ ಹೇಳಿದ ವೇಗದ ಲೆಕ್ಕ ಮಗುವಿಗೂ ಅದೇ. ಎರಡನೆಯದಾಗಿ, ಮದ್ದಿನ ಡಬ್ಬಿಗೂ ಬುತ್ತಿಗೂ ಒಂದೇ ಪೆಟ್ಟಿಗೆ ಬೇಡ. ಎಂಡೋಸಲ್ಫಾನಿನ ಸಂಕಟವನ್ನು ಕಂಡ ಎಣ್ಮಕಜೆಯಂತಹ ಊರುಗಳಿಗೆ ವಿಷವನ್ನು ಬೀಗದೊಳಗೆ, ಬೇರೆಯಾಗಿ ಇಡಬೇಕೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ನೋಡಿ ತಂದ ಪೆಟ್ಟಿಗೆಗೂ ವರ್ಷಕ್ಕೊಂದು ದಿನದ ಆರೈಕೆ ಬೇಕು. ಮೇ ತಿಂಗಳ ಕೊನೆಯ ಭಾನುವಾರ, ಮಕ್ಕಳು ಪುಸ್ತಕಗಳಿಗೆ ಹೊದಿಕೆ ಹಾಕುವ ಹೊತ್ತಿನಲ್ಲೇ, ಅಂಗಳದಲ್ಲಿ ಪೆಟ್ಟಿಗೆಯನ್ನೂ ಬರಿದು ಮಾಡಬಹುದು: ತೊಳೆದು ಒಣಗಿಸುವುದು, ರಬ್ಬರಿನ ಪಟ್ಟಿಯನ್ನು ಒತ್ತಿ ನೋಡುವುದು, ಬೋಲ್ಟುಗಳನ್ನು ಬಿಗಿಯುವುದು, ಗೀರು ಬಿದ್ದಲ್ಲಿ ಪ್ರೈಮರ್ ಹಚ್ಚುವುದು. ಸೀಮೆಸುಣ್ಣದ ಗೆರೆ ತುಂಡಾಗಿದೆಯೇ ಎಂದು ನೋಡುವ ಕೆಲಸವನ್ನು ಮಗುವಿಗೇ ಒಪ್ಪಿಸಬಹುದು. ಕ್ರಿಯಾಶೀಲತೆಯ ಶ್ರೇಣಿಯನ್ನು ಬಾಯಿಪಾಠ ಮಾಡಿದ ಮಗು, ಮೊದಲ ಮಳೆಗೆ ಮುನ್ನ ಅದನ್ನು ಮನೆಯ ಅಂಗಳದಲ್ಲಿ ಇನ್ನೊಮ್ಮೆ ಓದಿದಂತಾಗುತ್ತದೆ.